‘ಗಂಡ’ನ ಮೇಲೆ ಬಿದ್ದ ಬೀಪ್

ಸ್ಥಳೀಯ ಕೇಬಲ್ ವಾಹಿನಿಗಳ ಬಾಯಿ ಶುದ್ಧವಾಗಿದೆಯೇ ಎಂದು ನೋಡಿಕೊಳ್ಳುವ ಹುದ್ದೆಯಲ್ಲಿರುವ ಮಾನ್ಯರೇ,

ನನ್ನ ಮಾವಶಿ, ಎಂದರೆ ತಾಯಿಯ ತಂಗಿ, ಟೀವಿಯಲ್ಲಿ ‘ಗಂಡ’ ಅಂದರು. ನೀವು ಆ ಪದದ ಮೇಲೆ ಬೀಪ್ ಹಾಕಿಸಿದಿರಿ. ಈಗ ಮಿರಜದ ಅರ್ಧ ಜನ ಆಕೆ ಏನೋ ಹೊಲಸು ಮಾತಾಡಿದ್ದಾರೆಂದು ನಂಬಿದ್ದಾರೆ. ಉಳಿದ ಅರ್ಧ ಜನಕ್ಕೆ ಅದು ಯಾವ ಹೊಲಸು ಎಂಬುದೂ ಖಚಿತವಾಗಿ ಗೊತ್ತಿದೆ. ನನ್ನ ದೂರು ಇಷ್ಟೇ. ಇದನ್ನು ಒಂದು ಸಾಲಿನ ಅರ್ಜಿ ಮಾಡಿ ನಿಮ್ಮ ಕಚೇರಿಯ ಟಪಾಲಿಗೆ ಹಾಕಬಹುದಿತ್ತು. ಅಲ್ಲಿ ಅದಕ್ಕೊಂದು ಠಸ್ಸೆ ಬೀಳುತ್ತಿತ್ತು, ಆಮೇಲೆ ಅದರ ಮೇಲೆ ಇನ್ನೊಂದು ಅರ್ಜಿ ಬೀಳುತ್ತಿತ್ತು. ಅದಕ್ಕೇ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಕನ್ನಡದಲ್ಲಿ ಬರೆಯುತ್ತಿರುವುದು ಮರಾಠಿ ಬಾರದೆ ಅಲ್ಲ. ಮಿರಜದಲ್ಲಿ ಐವತ್ತು ದಾಟಿದವನೊಬ್ಬ ತನಗೆ ಮರಾಠಿ ಬರುವುದಿಲ್ಲವೆಂದರೆ ರೈಲು ನಿಲ್ದಾಣದ ಹಮಾಲನೂ ನಗುತ್ತಾನೆ. ಕಾರಣ ಬೇರೆ ಇದೆ. ಅಲ್ಲಿಗೆ ಬರುತ್ತೇನೆ.

ನಾನು ಯಾರೆಂದು ಹೇಳಬೇಕು. ಆಸ್ಪತ್ರೆಗಳ ಓಣಿಯಲ್ಲಿ ಕಿವಿ ತಪಾಸಣೆಯ ಕೋಣೆ ಇಟ್ಟುಕೊಂಡವನು ನಾನು. ಸದ್ದು ಒಳಗೆ ಬಾರದ ಒಂದು ಗೂಡಿನಲ್ಲಿ ರೋಗಿಯನ್ನು ಕೂರಿಸಿ, ಅವನ ಕಿವಿಗೆ ಒಂದೇ ಸಮನಾದ ಸಣ್ಣ ಸದ್ದು ಬಿಡುತ್ತೇನೆ. ಕೇಳಿಸಿದಾಗ ಬೆರಳು ಎತ್ತಬೇಕು. ಆ ಸದ್ದು ಯಾವುದೆಂದು ತಮಗೆ ಬೇರೆ ಹೇಳಬೇಕಿಲ್ಲ. ಟೀವಿಯಲ್ಲಿ ಬೈಗುಳದ ಮೇಲೆ ಹಾಕುವ ಬೀಪ್ ಕೂಡ ಅದೇ ಜಾತಿಯದು. ಎಷ್ಟೋ ವರ್ಷಗಳಿಂದ ನಾನು ಅದನ್ನು ಜನರ ಕಿವಿ ತೆರೆಯಲು ಬಳಸುತ್ತಿದ್ದೇನೆ. ತಾವು ಅದನ್ನು ಒಮ್ಮೆ ಬಳಸಿದಿರಿ, ಇಡೀ ಊರು ಬೆರಳು ಎತ್ತಿತು. ನನ್ನ ಮಾವಶಿಯ ಕಡೆಗೆ.

ಈ ಕೆಲಸ ನನಗೆ ಒಂದು ಸಂಗತಿಯನ್ನು ಕಲಿಸಿದೆ. ಅರ್ಧ ಕಿವುಡಾದ ಮನುಷ್ಯ ತನಗೆ ಕೇಳಿಸದ ಪದದ ಜಾಗವನ್ನು ಖಾಲಿ ಬಿಡುವುದಿಲ್ಲ. ತನ್ನ ಮನಸ್ಸಿನಲ್ಲಿ ಇರುವುದನ್ನು ಅಲ್ಲಿ ತುಂಬುತ್ತಾನೆ. ಸೊಸೆ ‘ಹಾಲು’ ಎಂದರೆ ‘ಹಾಳು’ ಎಂದು ಕೇಳಿಸಿಕೊಂಡ ಅತ್ತೆಯರನ್ನು ನಾನು ಕಂಡಿದ್ದೇನೆ. ಯಂತ್ರ ಹಾಕಿದ ಮೇಲೂ ಅವರಿಗೆ ಅದು ಹಾಗೆಯೇ ಕೇಳಿಸಿತು. ಆದ್ದರಿಂದ ತಮಗೆ ‘ಗಂಡ’ ಎಂಬುದು ಬೇರೇನೋ ಆಗಿ ಕೇಳಿಸಿತು ಎಂದಾಗ ಮೊದಲಿಗೆ ನನಗೆ ಸಿಟ್ಟು ಬರಲಿಲ್ಲ. ಮೊದಲ ಅಕ್ಷರಕ್ಕೊಂದು ದೀರ್ಘ ಹಚ್ಚಿದರೆ ನಮ್ಮ ಈ ಸೌಭಾಗ್ಯದ ಪದ ಮರಾಠಿಯಲ್ಲಿ ಮನುಷ್ಯ ಕೂರಲು ಬಳಸುವ ಅಂಗದ ಒರಟು ಹೆಸರಾಗುತ್ತದೆ, ನಿಜ. ಎರಡು ಭಾಷೆಗಳು ಒಂದೇ ಗೋಡೆಯ ಆಚೆ ಈಚೆ ಬಾಳುವೆ ಮಾಡುವ ಊರಿನಲ್ಲಿ ಇಂಥದ್ದು ಆಗುತ್ತದೆ. ಆದರೆ ಒಂದು ದೀರ್ಘದಷ್ಟು ಅಂತರವನ್ನು ಗುರುತಿಸಲಾರದ ಕಿವಿಗೆ ಸರಕಾರ ಭಾಷೆಯ ಕಾವಲನ್ನು ಒಪ್ಪಿಸಿದೆಯೆಂದರೆ, ಅಂಥ ಕಿವಿಯನ್ನು ನಾನು ಒಮ್ಮೆ ಗೂಡಿನಲ್ಲಿ ಕೂರಿಸಿ ನೋಡುವುದು ಒಳ್ಳೆಯದು ಎಂದುಕೊಂಡೆ. ಆಗ ನನಗೆ ಹಾಗೆ ತಮಾಷೆ ಮಾಡಲು ಆಗುತ್ತಿತ್ತು.

ಓದುಗರಿಗಾಗಿ ಕಾರ್ಯಕ್ರಮದ ವಿಷಯ ಹೇಳುತ್ತೇನೆ, ತಮಗೆ ಗೊತ್ತಿದೆ. ನನ್ನ ಮಾವಶಿ ಸುನಂದಾಬಾಯಿಯವರ ಮೊಮ್ಮಗಳು ಋತುಜಾ ಸಾಂಗಲಿಯ ಒಂದು ಕ್ಲಾಸಿನಲ್ಲಿ ಕಂಪ್ಯೂಟರಿನಿಂದ ಚಿತ್ರ ಕುಣಿಸುವುದನ್ನು ಕಲಿತಳು. ಕಲಿತವಳು ಸುಮ್ಮನಿರದೆ ‘ನಡುವೂರ ಕಲ್ಲವ್ವ’ ಎಂಬ ಕಾರ್ಟೂನು ಮಾಡಿದಳು. ಭರತೇಶ ಎಂಬ ನಮ್ಮ ಕೇಬಲ್‌ನವನು ಅದನ್ನು ಮೊದಲು ತಮ್ಮ ಕಚೇರಿಗೆ ಕಳಿಸಿ, ಆಮೇಲೆ ತನ್ನ ವಾಹಿನಿಯಲ್ಲಿ ಭಾನುವಾರ ಸಂಜೆ ತೋರಿಸುತ್ತಿದ್ದ. ನಡುವೂರು ಎಂಬುದು ಯಾವ ನಕಾಶೆಯಲ್ಲೂ ಇಲ್ಲ. ಸಾಂಗಲಿ ಮುಗಿದು ಮಿರಜ ಇನ್ನೂ ಶುರುವಾಗದ ಕಡೆ, ನಿನ್ನೆ ಅರಿಶಿಣ ಬೆಳೆದ ಹೊಲ ಇಂದು ಪ್ಲಾಟಾಗಿ, ನಾಳೆ ಅಪಾರ್ಟ್‌ಮೆಂಟಾಗಿ, ಅದಕ್ಕೊಂದು ಇಂಗ್ಲಿಷ್ ಹೆಸರು ಬಂದು, ಆದರೆ ಚರಂಡಿ ಮಾತ್ರ ಬಾರದ ಒಂದು ಊರು ಅವಳ ತಲೆಯಲ್ಲಿತ್ತು. ಅಲ್ಲಿ ಕಲ್ಲವ್ವ ಎಂಬ ಮುದುಕಿ. ಮನೆಯ ಕಟ್ಟೆಯ ಮೇಲೆ ಕೂತು, ಹಾದುಹೋಗುವ ಏಜಂಟರನ್ನೂ ಮತ ಕೇಳಲು ಬಂದವರನ್ನೂ ಮಾತಿನಲ್ಲಿ ಹರಿದು ಹಾಕುತ್ತಾಳೆ. ಗಂಡ ತೆರೆಯ ಮೇಲೆ ಎಂದೂ ಪೂರ್ತಿ ಕಾಣುವುದಿಲ್ಲ. ಸ್ಟೂಲಿನ ಮೇಲೆ ಚಾಚಿದ ಅವನ ಎರಡು ಪಾದ ಮಾತ್ರ. ಋತುಜಾಳಿಗೆ ಕನ್ನಡ ತಿಳಿಯುತ್ತದೆ, ಆಡಲು ಹೋದರೆ ಅರ್ಧದಲ್ಲಿ ಮರಾಠಿಗೆ ಜಾರುತ್ತಾಳೆ. ಅದಕ್ಕೇ ಕಲ್ಲವ್ವನ ದನಿಗೆ ಅಜ್ಜಿಯನ್ನು ಹಿಡಿದಳು. ಮನೆಮಾತು ಕನ್ನಡವೇ ಆಗಿರುವ ಸಲಗರೆಯ ಕಡೆ ಹುಟ್ಟಿದ ಮಾವಶಿಗೆ ಮಾತು ಹುಡುಕಬೇಕಾಗಿರಲಿಲ್ಲ.

ಶುರುವಿನಲ್ಲೇ ‘ದೊಡ್ಡವರಿಗೆ ಮಾತ್ರ’ ಎಂದು ದೊಡ್ಡಕ್ಷರದಲ್ಲಿ ಬರುತ್ತಿತ್ತು. ಆದರೂ ತಮ್ಮ ನೋಟೀಸಿನಲ್ಲಿ ‘ಬಾಲಮನಸ್ಸಿನ ಮೇಲೆ ದುಷ್ಪರಿಣಾಮ’ ಎಂದಿದೆ. ಕಾರ್ಟೂನು ಎಂದ ಮೇಲೆ ಅದು ಮಕ್ಕಳದ್ದೇ ಎಂಬ ನಂಬಿಕೆ ತಮ್ಮದು. ಚಿತ್ರ ಬರೆದಿದ್ದರೆ ಮಕ್ಕಳದ್ದು, ಫೋಟೋ ಇದ್ದರೆ ದೊಡ್ಡವರದ್ದು ಎಂದು ಯಾವ ಕಾನೂನು ಹೇಳುತ್ತದೆ? ಹಾಗೆ ನೋಡಿದರೆ ಚುನಾವಣೆಯ ಚಿಹ್ನೆಗಳೂ ಬರೆದ ಚಿತ್ರಗಳೇ. ಅವುಗಳಿಂದ ಆದ ದುಷ್ಪರಿಣಾಮವನ್ನು ಯಾರು ಲೆಕ್ಕ ಹಿಡಿಯುತ್ತಾರೆ?

ಕಲ್ಲವ್ವ ಬಯ್ಯುತ್ತಿರಲಿಲ್ಲ ಎಂದು ನಾನು ವಾದಿಸುವುದಿಲ್ಲ. ಬಯ್ಯುತ್ತಿದ್ದಳು. ‘ನಿನ್ನ ಹೆಣಾ ಎತ್ಲಿ’ ಎಂದಿದ್ದಾಳೆ. ‘ಸುಟ್ಟ ಮಾರಿಯವನ’ ಎಂದಿದ್ದಾಳೆ. ‘ಹಾಟ್ಯಾ’ ಎಂಬುದು ಅವಳಿಗೆ ಪೂರ್ಣವಿರಾಮವಿದ್ದಂತೆ. ಪ್ಲಾಟಿನ ಏಜಂಟನೊಬ್ಬನ ವಂಶದ ಬಗ್ಗೆ ಅವಳು ಆಡಿದ ಮಾತನ್ನು ನಾನು ಇಲ್ಲಿ ಬರೆದರೆ ಸಂಪಾದಕರು ತೆಗೆದುಹಾಕುತ್ತಾರೆ. ಇದೆಲ್ಲ ತಮ್ಮ ಜರಡಿಯಲ್ಲಿ ಸಲೀಸಾಗಿ ಹಾದುಹೋಯಿತು. ಒಂದರ ಮೇಲೂ ಬೀಪ್ ಬೀಳಲಿಲ್ಲ. ಸಿಕ್ಕಿಬಿದ್ದದ್ದು ಗಂಡ ಮಾತ್ರ. ಹಾಗೆ ಸಿಕ್ಕಿಬಿದ್ದ ಸಂಜೆ ತೆರೆಯ ಕೆಳಭಾಗದಲ್ಲಿ, ಕಲ್ಲವ್ವನ ಕಟ್ಟೆಯ ಅಡಿಯಲ್ಲೇ, ಗುಪ್ತರೋಗದ ಡಾಕ್ಟರೊಬ್ಬರ ಜಾಹೀರಾತು ಓಡುತ್ತಿತ್ತು. ಅದರಲ್ಲಿ ಯಾವ ಯಾವ ದೌರ್ಬಲ್ಯಕ್ಕೆ ಚಿಕಿತ್ಸೆ ಇದೆ ಎಂಬುದನ್ನು ಮರಾಠಿಯಲ್ಲಿ, ಎಲ್ಲ ಮಕ್ಕಳೂ ಓದಿಕೊಳ್ಳುವಷ್ಟು ನಿಧಾನವಾಗಿ, ತೋರಿಸಲಾಯಿತು. ಅದಕ್ಕಿಂತ ಮೊದಲು ಬಂದ ಹಿಂದಿ ಹಾಡಿನಲ್ಲಿ ಒಂದೇ ಒಂದು ಕೆಟ್ಟ ಪದ ಇರಲಿಲ್ಲ. ಒಂದೇ ಒಂದು ಒಳ್ಳೆಯ ಅರ್ಥವೂ ಇರಲಿಲ್ಲ. ಅದೂ ಹಾದುಹೋಯಿತು.

ಆ ಸಂಜೆಯ ಒಡಪನ್ನು ಪೂರ್ತಿ ಬರೆಯುತ್ತೇನೆ. ಮದುವೆಯಲ್ಲಿ ಹೆಣ್ಣುಮಕ್ಕಳು ಗಂಡನ ಹೆಸರನ್ನು ಪ್ರಾಸದೊಳಗೆ ಅಡಗಿಸಿ ಹೇಳುವ ಒಡಪು ಎಲ್ಲರಿಗೂ ಗೊತ್ತು. ಮರಾಠಿಯವರು ಉಖಾಣಾ ಎನ್ನುತ್ತಾರೆ. ಕಲ್ಲವ್ವ ಪ್ರತಿ ಸಲ ಕೊನೆಗೆ ಒಂದು ಒಡಪು ಹೇಳುತ್ತಿದ್ದಳು. ಹೆಸರಿನ ಬದಲು ‘ನನ್ನ ಗಂಡ’ ಎನ್ನುತ್ತಿದ್ದಳು, ಯಾಕೆಂದರೆ ಮಾವಶಿ ಇವತ್ತಿಗೂ ತನ್ನ ಗಂಡನ, ಎಂದರೆ ನಮ್ಮ ಪಾಯಪ್ಪ ಕಾಕಾನ, ಹೆಸರು ಬಾಯಲ್ಲಿ ತರುವುದಿಲ್ಲ. ಕಾರ್ಟೂನಿನ ಗಂಡನಿಗೂ ಹೆಸರಿಡಲು ಆಕೆ ಒಪ್ಪಲಿಲ್ಲ.

ಹಿತ್ತಾಳಿ ತಂಬಿಗಿ ತಿಕ್ಕಿ ತಿಕ್ಕಿ ಬೆಳಗಿದೆ,
ನಳದಾಗ ನೀರ ಬರತಾವಂತ ಬೆಳತನಕ ಕಾದೆ,
ಭೂಮಿಪೂಜಿಗೆ ಒಡದ ಕಾಯಿ ಆತು ನೂರ ತುಂಡ,
ಒಣಾ ಟಾಕ್ಯಾಗ ಈಜ ಕಲಿಯಾಕ ಹೋಗ್ಯಾನ ನನ್ನ ಗಂಡ.

ಈಗ ಕೊನೆಯ ಪದದ ಮೇಲೆ ಬೀಪ್ ಹಾಕಿ ಓದಿ. ಒಡಪಿನ ಗುಣವೇನೆಂದರೆ, ಮೂರನೆಯ ಸಾಲು ಮುಗಿಯುವಾಗಲೇ ಕೇಳುವವರ ನಾಲಿಗೆ ನಾಲ್ಕನೆಯ ಸಾಲಿನ ತುದಿಯಲ್ಲಿ ಹೋಗಿ ಕೂತಿರುತ್ತದೆ. ‘ತುಂಡ’ ಎಂದ ಮೇಲೆ ಅದೇ ಪ್ರಾಸದ ಇನ್ನೊಂದು ಪದ ಬರಲೇಬೇಕು. ತಾವು ಅದನ್ನು ಮುಚ್ಚಿದಿರಿ. ಮುಚ್ಚಿದ್ದರಿಂದ ಅದು ಹೊಲಸು ಎಂದು ತಿಳಿಯಿತು. ಪ್ರಾಸ ಗೊತ್ತಿದೆ, ಹೊಲಸು ಎಂಬುದೂ ಗೊತ್ತಿದೆ. ಉಳಿದದ್ದನ್ನು ಊರು ತಾನೇ ತುಂಬಿಕೊಂಡಿತು. ಹಾಗೆ ನೋಡಿದರೆ ಆ ಪದವನ್ನು ಆ ಸಂಜೆ ಸಾವಿರಾರು ಮನೆಗಳಲ್ಲಿ ಒಟ್ಟಿಗೆ ಉಚ್ಚರಿಸಿದವರು ತಾವು. ಪರದೇಶದ ಕೆಲವು ದೊಡ್ಡವರ ಕಾರ್ಟೂನುಗಳು ಡಿಶ್ ಇದ್ದವರ ಮನೆಗೆ ಬರುತ್ತವೆ. ಅವುಗಳಲ್ಲಿ ಪಾದ್ರಿಗಳೂ ಮಂತ್ರಿಗಳೂ ಮನಸಾರೆ ಬಯ್ದಾಡುತ್ತಾರೆ, ಬೀಪ್ ಕೂಡ ಧಾರಾಳವಾಗಿ ಇರುತ್ತದೆ. ಅಲ್ಲಿ ಎಷ್ಟೋ ಸಲ ಬೀಪ್ ಹಾಕಿದವರು ಬರೆದವರೇ ಇರಬೇಕೆಂದು ನನ್ನ ಅನುಮಾನ. ನೋಡುವವನು ತನ್ನ ತಲೆಯಿಂದ ಹೊಲಸು ತೆಗೆದು ಖಾಲಿ ಜಾಗಕ್ಕೆ ಹಾಕುತ್ತಾನೆ, ಆಮೇಲೆ ಕಾರ್ಟೂನನ್ನು ಬಯ್ಯುತ್ತಾನೆ. ಅವರ ನಗೆ ಇರುವುದು ಅಲ್ಲಿ. ಆ ಕಾರ್ಟೂನುಗಳು ತಮ್ಮಂಥವರನ್ನು ಎದುರು ಹಾಕಿಕೊಳ್ಳುವುದು ಬೈದು ಅಲ್ಲ, ತಮ್ಮ ಕೆಲಸವನ್ನು ತಮಗೇ ತೋರಿಸಿ. ಋತುಜಾ ಅಷ್ಟು ಜಾಣೆಯಲ್ಲ. ಅವಳಿಗೆ ಹೊಳೆಯದ ಹಾಸ್ಯವನ್ನು ತಾವು ಸರಕಾರಿ ಖರ್ಚಿನಲ್ಲಿ ಮಾಡಿಕೊಟ್ಟಿರಿ.

ಆ ಸಂಜೆ ನಾನು ಮಾವಶಿಯ ಮನೆಯಲ್ಲೇ ಇದ್ದೆ. ಪಾಯಪ್ಪ ಕಾಕಾನ ಕಿವಿಗೆ ನಾನೇ ಹಾಕಿಕೊಟ್ಟ ಯಂತ್ರವಿದೆ. ಬೀಪ್ ಬಂದಾಗ ಯಂತ್ರ ಕೆಟ್ಟಿತೆಂದು ಅದನ್ನು ತೆಗೆದು ಬಡಿದು ನೋಡಿದರು.

“ಏನ ಕತ್ತರಿಸ್ಯಾರ ಅಲ್ಲೆ?” ಎಂದರು.

“ನಿಮ್ಮನ್ನs,” ಎಂದರು ಮಾವಶಿ.

“ನನ್ನ ಯಾಕ? ನಾ ಏನ ಮಾಡೇನಿ?”

“ಏನೂ ಮಾಡಿಲ್ಲ. ಅದಕ್ಕs ಕತ್ತರಿಸ್ಯಾರ.”

ಎಲ್ಲರೂ ನಕ್ಕೆವು. ಮಾವಶಿ ಎಲ್ಲರಿಗಿಂತ ಹೆಚ್ಚು ನಕ್ಕರು. ಯಾರೋ ಮರಾಠಿ ಸಾಹೇಬರಿಗೆ ತಿಳಿದಿಲ್ಲ, ತಿಳಿಸಿ ಹೇಳಿದರೆ ಆಯಿತು ಎಂಬುದು ಆಕೆಯ ಲೆಕ್ಕ. ಆ ನಗೆ ಎಂಟು ದಿನವೂ ಉಳಿಯಲಿಲ್ಲ.

ಇಲ್ಲಿ ತಮಗೆ ಒಂದು ಸಂಗತಿ ಹೇಳಬೇಕು, ತಮ್ಮ ಕಡತದಲ್ಲಿ ಅದು ಇರಲಾರದು. ನಮ್ಮ ಜೈನರ ಮನೆಗಳ ಮದುವೆಗಳಲ್ಲಿ ಮದುಮಗಳ ಪಕ್ಕಕ್ಕೆ ಕೂತು, ಅವಳ ಕಿವಿಯಲ್ಲಿ ಒಡಪು ಹೇಳಿಕೊಡುವವರು ಮಾವಶಿ. ಈಗಿನ ಹುಡುಗಿಯರಿಗೆ ಒಡಪು ಬರುವುದಿಲ್ಲ. ಬಂದರೂ ಎಲ್ಲರೆದುರು ಗಂಟಲು ಒಣಗುತ್ತದೆ. ಮಾವಶಿ ಹುಡುಗನ ಹೆಸರು, ಊರು, ದಂಧೆ ಕೇಳಿಕೊಂಡು ಅಲ್ಲೇ ಹೊಸದು ಕಟ್ಟಿ, ಸೆರಗು ಸರಿಮಾಡುವಂತೆ ಬಗ್ಗಿ ಪಿಸುಗುಟ್ಟುತ್ತಾರೆ. ಎಷ್ಟೋ ಮನೆಗಳಲ್ಲಿ ಹೆಂಗಸರು ಗಂಡನ ಹೆಸರನ್ನು ಮೊದಲ ಸಲ ಹೇಳಿದ್ದು ಈ ಮುದುಕಿಯ ಮಾತಿನಲ್ಲಿ. ಇದಕ್ಕೆ ಆಕೆಗೆ ಸಂಬಳವಿಲ್ಲ, ಪದವಿಯಿಲ್ಲ. ಆದರೆ ಊರಿನಲ್ಲಿ ಆಕೆ ಯಾರು ಎಂದು ಕೇಳಿದರೆ ಉತ್ತರ ಅದೇ. ಬರುವ ವೈಶಾಖದಲ್ಲಿ ಕವಲಾಪುರದ ಅಲಕಾ ಎಂಬವರ ಮಗಳು ವೃಷಾಲಿಯ ಮದುವೆ. ಅದಕ್ಕೂ ಮಾವಶಿಗೆ ಎಲೆ ಅಡಿಕೆ ಕೊಟ್ಟು ಹೇಳಿ ಹೋಗಿದ್ದರು. ಬೀಪ್ ಬಿದ್ದ ಮರು ವಾರ ಅಲಕಾ ಮತ್ತೆ ಬಂದರು. ಚಹಾ ಕುಡಿದರು, ಬಿಸಿಲಿನ ಮಾತಾಡಿದರು, ಎದ್ದು ನಿಂತ ಮೇಲೆ ಹೇಳಿದರು.

“ಮಾವಶಿ, ಈ ಸಲ ನೀವ ದಣಿಯೂದ ಬ್ಯಾಡ್ರಿ.”

“ದಣಿಯಾಕ ನಾ ಏನ ಹೊಲಾ ಹರಗತೀನೇನ? ಕುಂತ ಕಿವ್ಯಾಗ ಹೇಳೂದs ಅಲ್ಲೇನ.”

“ಹಂಗಲ್ರಿ. ಬೀಗರು ಸಾಂಗಲಿಯವರು. ಅವರ ಮನ್ಯಾಗ ಮರಾಠೀನs ನಡೀತೈತಿ. ಅವರೂ ಟೀವಿ ನೋಡತಾರ.”

“ನೋಡಿದ್ರ ಕೇಳಿರಬೇಕಲ್ಲ, ನಾ ಏನ ಅಂದೆ ಅಂತ.”

“ಕೇಳಿಲ್ಲಲ್ರಿ,” ಎಂದರು ಅಲಕಾ, ನೆಲ ನೋಡುತ್ತ. “ಕೇಳಿದ್ರ ಏನೂ ಇರತಿರಲಿಲ್ಲ.”

ಅಲಕಾರ ಮೇಲೆ ನನಗೆ ಸಿಟ್ಟಿಲ್ಲ. ಸೆನ್ಸಾರಿನ ಬಗ್ಗೆ ನಾನು ಓದಿದ ಯಾವ ಪ್ರಬಂಧದಲ್ಲೂ ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟನ್ನು ಯಾರೂ ಹೇಳಿಲ್ಲ. ಆಡಿದ ಮಾತಿಗೆ ಮನುಷ್ಯ ಉತ್ತರ ಕೊಡಬಹುದು, ತಪ್ಪಾಗಿದ್ದರೆ ತಲೆ ತಗ್ಗಿಸಬಹುದು. ಆಡಿದ್ದನ್ನು ಅಳಿಸಿ ಅದರ ಜಾಗದಲ್ಲಿ ಒಂದು ಸದ್ದು ಇಟ್ಟರೆ, ಅದಕ್ಕೆ ಯಾರು ಏನು ಉತ್ತರ ಕೊಡುವುದು? ಬೀಪ್‌ಗೆ ಸಾಕ್ಷಿ ಎಲ್ಲಿಂದ ತರುವುದು? ಬೀದಿಯಲ್ಲಿ ನಿಂತು ‘ನಾನು ಅಂದದ್ದು ಗಂಡ’ ಎಂದು ಕೂಗಿದರೆ ಜನ ಇನ್ನೂ ಹೆಚ್ಚು ನಗುತ್ತಾರೆ.

ಆಮೇಲೆ ತಾವು ವಿಚಾರಣೆಗೆ ಕರೆದಿರಿ. ಋತುಜಾ, ನಾನು ಹೋದರೆ ಸಾಕಿತ್ತು. ಮಾವಶಿ ಕೇಳಲಿಲ್ಲ, ಇರಕಲ್ ಸೀರೆ ಉಟ್ಟು ರಿಕ್ಷಾದಲ್ಲಿ ಮೊದಲೇ ಕೂತಿದ್ದರು. ತಮ್ಮ ಕೋಣೆಯಲ್ಲಿ ಮಾತಾಡಿದ್ದು ಹೆಚ್ಚಾಗಿ ತಮ್ಮ ಸಹಾಯಕರು. ತಾವು ಕಾಗದ ನೋಡುತ್ತಿದ್ದಿರಿ. ಎಲ್ಲವೂ ಮರಾಠಿಯಲ್ಲಿ ನಡೆಯಿತು. ನಾನು ಆ ಪದ ಹೇಳಿದ ಕೂಡಲೇ ಸಹಾಯಕರು, “ಹೊರಗೆ ಹೆಣ್ಣುಮಕ್ಕಳು ಟೈಪ್ ಮಾಡುತ್ತಿದ್ದಾರೆ, ಮತ್ತೆ ಮತ್ತೆ ಅನ್ನಬೇಡಿ,” ಎಂದರು.

“ಅದರ ಅರ್ಥ ನವರಾ ಎಂದು,” ಎಂದೆ.

“ಹಾಗಾದರೆ ನವರಾ ಅನ್ನಲಿ. ತೊಂದರೆ ಏನು?”

“ಪ್ರಾಸ ಹೋಗುತ್ತದೆ,” ಎಂದಳು ಋತುಜಾ.

“ಮಾಲಕ ಎಂದು ಹಾಕಿ. ನಮ್ಮ ಮನೆಯಲ್ಲಿ ಹಾಗೇ ಅನ್ನುತ್ತಾರೆ. ಗೌರವವೂ ಇರುತ್ತದೆ.”

ಮಾವಶಿ ನನ್ನ ಕಡೆ ತಿರುಗಿ ಕನ್ನಡದಲ್ಲಿ, “ಮಾಲಕ ಅನ್ನಾಕ ನಾ ಏನ ಅವರ ಎತ್ತೇನೋ ಪಾರಿಸ?” ಎಂದರು. ಆಗ ತಮ್ಮ ತುಟಿ ಅಲುಗಿತೇ? ನಾನು ನೋಡುತ್ತಿರಲಿಲ್ಲ. ಋತುಜಾ ಅಲುಗಿತು ಎನ್ನುತ್ತಾಳೆ. ಚಿತ್ರದ ತುಟಿಗಳನ್ನು ಮಾತಿಗೆ ಹೊಂದಿಸುವುದೇ ಅವಳ ಕೆಲಸ, ಆದ್ದರಿಂದ ಅವಳ ಮಾತನ್ನು ಅಷ್ಟು ಸುಲಭವಾಗಿ ತಳ್ಳಲಾರೆ.

ತಾವು ತಲೆ ಎತ್ತಿ, ಮೂಲ ಒಡಪನ್ನು ಒಮ್ಮೆ ಹೇಳಿಸಿ ಎಂದಿರಿ. ಮಾವಶಿ ನೇರ ಕೂತು ಹೇಳತೊಡಗಿದರು. ನಾಲ್ಕನೆಯ ಸಾಲಿಗೆ ಬಂದಾಗ ಕೆಮ್ಮು ಹತ್ತಿತು. ಭಯಕ್ಕೋ, ಮೇಲಿನ ಫ್ಯಾನಿನ ಧೂಳಿಗೋ, ಬಿಡದೆ ಕೆಮ್ಮಿದರು. ಸಹಾಯಕರು ಗಡಿಯಾರ ನೋಡಿದರು. ತಾವು ತಮ್ಮ ಮುಂದಿದ್ದ ಗ್ಲಾಸನ್ನು ಮುಚ್ಚಳ ತೆಗೆದು ಆಕೆಯ ಕಡೆ ಸರಿಸಿ ಹೇಳಿದಿರಿ:

“ನೀರ ಕುಡೀರಿ, ಆಯಿ. ಅವಸರಿಲ್ಲ.”

ಇದನ್ನು ಬಹಿರಂಗವಾಗಿ ಬರೆಯಬೇಕೋ ಬೇಡವೋ ಎಂದು ನಾನು ಬಹಳ ಯೋಚಿಸಿದೆ. ಅದು ಒಳ್ಳೆಯ ಕೆಲಸ. ಆ ಕೋಣೆಯಲ್ಲಿ ಅಂದು ನಡೆದ ಒಂದೇ ಒಳ್ಳೆಯ ಕೆಲಸ. ಆದರೆ ನನ್ನ ಹೊಟ್ಟೆಪಾಡೇ ಕಿವಿಯದು. ‘ಕುಡೀರಿ’ಯ ಕೊನೆಯ ‘ರಿ’ಯನ್ನು ಯಾರೂ ಸರಕಾರಿ ಪರೀಕ್ಷೆಗಾಗಿ ಕಲಿಯುವುದಿಲ್ಲ. ‘ಅವಸರಿಲ್ಲ’ ಎಂಬುದು ಪುಸ್ತಕದಿಂದ ಬರುವ ಮಾತಲ್ಲ. ಯಾರದೋ ಅಡುಗೆಮನೆಯಿಂದ ಬರುತ್ತದೆ. ಮರುಕ್ಷಣ ತಾವು ಮರಾಠಿಗೆ ಹೋದಿರಿ, ಮೊದಲಿಗಿಂತ ಬಿಗಿಯಾದ ಮರಾಠಿಗೆ. “ಪ್ರಕರಣ ಪರಿಶೀಲಿಸಿ ತಿಳಿಸಲಾಗುವುದು,” ಎಂದಿರಿ. ಒಡಪು ಕೊನೆಯ ಪದದವರೆಗೆ ಮುಟ್ಟಲೇ ಇಲ್ಲ.

ಮೆಟ್ಟಿಲು ಇಳಿಯುವಾಗ ಮಾವಶಿ ಕಂಬಿ ಹಿಡಿದು ನಿಂತರು.

“ನಮ್ಮವನs ಅದಾನ,” ಎಂದರು.

ಹಾಗಿದ್ದರೆ ಒಳ್ಳೆಯದೇ ಆಯಿತಲ್ಲ, ಅವರಿಗೆ ಅರ್ಥವಾಗಿರುತ್ತದೆ ಎಂದು ಋತುಜಾ ಮರಾಠಿಯಲ್ಲಿ ಸಮಾಧಾನ ಹೇಳಿದಳು.

“ತಿಳೀಲಾರದs ಮಾಡಿದ್ರ ಬ್ಯಾರೆ ಮಾತ ಇತ್ತು, ಬಾಳಾ,” ಎಂದರು ಮಾವಶಿ ಮೊಮ್ಮಗಳಿಗೆ. “ತಿಳದ ಮಾಡ್ಯಾನ.”

ಅಂದಿನಿಂದ ಆಕೆ ಕಲ್ಲವ್ವನಿಗೆ ದನಿ ಕೊಟ್ಟಿಲ್ಲ. ಋತುಜಾ ತಾನೇ ಹೇಳಲು ಪ್ರಯತ್ನಿಸಿದಳು. ಕಲ್ಲವ್ವ ಸಾಂಗಲಿಯ ಕಾಲೇಜಿನಲ್ಲಿ ಓದಿ ಬಂದವಳ ಹಾಗೆ ಕೇಳಿಸಿತು. ನಾನು ಬಹಳ ಹೇಳಿ ನೋಡಿದೆ. “ಬ್ಯಾಡೋ ಪಾರಿಸ. ನಾ ಏನ ಅಂದ್ರೂ ಅದರ ಮ್ಯಾಲ ಕುಂಯ್ ಅನಸ್ತಾರ. ಅದಕ್ಕಿಂತ ಸುಮ್ಮಕುಂದ್ರೂದ ಚಲೋ,” ಎಂದರು. ಬೀಪ್ ಹೊರಗೆ ಟೀವಿಯಲ್ಲಿ ಇದ್ದದ್ದು ಈಗ ಮನೆಯೊಳಗೆ ಬಂದು ಕೂತಿದೆ.

ತಾವು ಆಮೇಲೆ ಕಳಿಸಿದ ಆದೇಶ ಬಹಳ ಸುಂದರವಾಗಿದೆ. ಸದರಿ ಪದಕ್ಕೆ ಕೌಟುಂಬಿಕ ಅರ್ಥವಿರುವುದನ್ನು ಗಮನಿಸಲಾಗಿದೆ; ಆದರೂ ಸಂದಿಗ್ಧತೆಗೆ ಆಸ್ಪದವಿರುವುದರಿಂದ ಆ ಪದ ಇರುವ ಸಾಲನ್ನೂ ಅದಕ್ಕೆ ಪ್ರಾಸವಾಗುವ ಹಿಂದಿನ ಸಾಲನ್ನೂ ಕೈಬಿಟ್ಟು ಪ್ರಸಾರ ಮಾಡಬಹುದು. ನಾನು ಇದನ್ನು ಓದಿ ಹೊರಗೆ ಬಂದು ನಿಂತೆ. ಮೊದಲು ಹೋದದ್ದು ಗಂಡ ಒಬ್ಬನೇ. ಈಗ ಗಂಡನನ್ನು ಹಿಡಿದುಕೊಂಡು ನೀರಿಲ್ಲದ ಒಣ ಟಾಕಿ ಹೋಯಿತು. ಟಾಕಿಯ ಬೆನ್ನಿಗೆ ಭೂಮಿಪೂಜೆಯ ತೆಂಗಿನಕಾಯಿಯೂ ಹೋಯಿತು. ಉಳಿದದ್ದು ತಂಬಿಗೆ ತಿಕ್ಕುವ ಮತ್ತು ನೀರಿಗೆ ಕಾಯುವ ಹೆಂಗಸು. ಅವಳ ಬಗ್ಗೆ ಯಾರಿಗೂ ಆಕ್ಷೇಪವಿಲ್ಲ.

ನನ್ನ ಅನುಮಾನ ಶುರುವಾದದ್ದು ಅಲ್ಲಿ. ಪ್ರತಿ ಸಲ ಸಲೀಸಾಗಿ ಬಂದ ‘ನನ್ನ ಗಂಡ’ ಟಾಕಿಯ ಜೊತೆ ಬಂದಾಗ ಮಾತ್ರ ಹೊಲಸಾಯಿತು. ಇಲ್ಲದ ಊರಿನ ಇಲ್ಲದ ಟಾಕಿ ಒಣಗಿದರೆ ಯಾರಿಗೆ ಬಾಯಾರಿಕೆ? ಭೂಮಿಪೂಜೆ ಮಾಡಿಸಿ ಇಂಥದೇ ಒಣ ಟಾಕಿ ಕಟ್ಟಿಸಿದ ಯಾರೋ ಅದನ್ನು ಗುರುತು ಹಿಡಿದಿರಬೇಕು. ಟಾಕಿಯ ಹೆಸರು ಹೇಳಿ ದೂರು ಕೊಟ್ಟರೆ ಟಾಕಿ ತನ್ನದೆಂದು ಒಪ್ಪಿಕೊಂಡಂತೆ. ಅಶ್ಲೀಲ ಎಂದು ಕೊಟ್ಟರೆ? ಮರ್ಯಾದಸ್ಥನೆನಿಸಿಕೊಂಡು, ಮಕ್ಕಳ ಹೆಸರಿನಲ್ಲಿ, ಕೆಲಸ ಮುಗಿಯುತ್ತದೆ. ಹೊಲಸು ಮಾತನ್ನು ತಡೆಯುವ ಕಾನೂನು ಹೊಲಸು ಕೆಲಸಕ್ಕೆ ಎಷ್ಟು ಒಳ್ಳೆಯ ಛತ್ರಿ ನೋಡಿ. ತಾವು ಕಿವಿ ತಪ್ಪಿ ಹೀಗೆ ಮಾಡಿದಿರೋ, ಕಿವಿ ತಪ್ಪಿದಂತೆ ನಟಿಸಿದಿರೋ, ಅಥವಾ ಯಾರೋ ಹೇಳಿದ್ದು ಮಾತ್ರ ತಮ್ಮ ಕಿವಿಗೆ ಸ್ಪಷ್ಟವಾಗಿ ಕೇಳಿಸಿತೋ? ಭರತೇಶನನ್ನು ಕೇಳಿದೆ. ಅವನು ಬಾಗಿಲು ಓರೆ ಮಾಡಿ ಮಾತಾಡಿದ.

“ಕಾಕಾ, ಗಂಡ ಅಂದ್ರ ನನಗ ಗೊತ್ತಿಲ್ಲೇನ್ರಿ? ನನ್ನ ಹೇಣ್ತಿ ದಿನಾ ನೆನಪ ಮಾಡತಾಳ. ಆದ್ರ ನನ್ನ ವಾಯರ ಊರ ತುಂಬ ಕಂಬದ ಮ್ಯಾಲ ಅದಾವ. ಕಂಬ ನನ್ನವಲ್ಲ. ನಾಳೆ ಮುಂಜಾನೆ ಕತ್ತರಿಸಿ ಒಗದ್ರ, ನಾ ಯಾರಿಗಿ ಹೋಗಿ ಕಲ್ಲವ್ವನ ತೋರಸ್ಲಿ?”

“ಯಾರ ಹೇಳಿದ್ರು ನಿನಗ?”

“ಯಾರೂ ಏನೂ ಹೇಳಿಲ್ರಿ. ಕಂಬದ ಕಡೆ ಬರೇ ನೋಡಿದ್ರು.”

ನಾನು ಬೇರೆ ಸಾಧ್ಯತೆಗಳನ್ನೂ ಯೋಚಿಸಿದ್ದೇನೆ. ಅನುಮಾನದ ಮನುಷ್ಯ ಮೊದಲು ತನ್ನ ಅನುಮಾನವನ್ನೇ ಅನುಮಾನಿಸಬೇಕು. ತಾವು ಗಡಿಯ ಯಾವುದೋ ಊರಿನಲ್ಲಿ ಕೆಲಸ ಮಾಡಿ ನಾಲ್ಕು ಮಾತು ಕಲಿತಿರಬಹುದು. ತಮ್ಮ ಮೇಲೂ ಒಬ್ಬರು ಇರಬಹುದು, ಅವರ ಮೇಲೆ ಇನ್ನೊಬ್ಬರು, ಎಲ್ಲರ ಮೇಲೆ ಒಂದು ಕಂಬ. ‘ನನಗೆ ಈ ಪದ ಗೊತ್ತು’ ಎಂದು ಆ ಕೋಣೆಯಲ್ಲಿ ಹೇಳಿದ್ದರೆ, ತಾವು ಯಾರ ಮಗ ಎಂಬ ಇನ್ನೊಂದು ಪ್ರಶ್ನೆ ಏಳುತ್ತಿತ್ತೋ ಏನೋ. ಈ ಊರಿನಲ್ಲಿ ಕನ್ನಡವನ್ನು ಮನೆಯ ಹೊಸ್ತಿಲ ಹತ್ತಿರ ಚಪ್ಪಲಿಯ ಹಾಗೆ ಬಿಡುವುದನ್ನು ನಾವೆಲ್ಲ ಮಾಡುತ್ತೇವೆ, ನಾವು ಒಳಗೆ ಬರುವಾಗ ಅಲ್ಲ, ಹೊರಗೆ ಹೋಗುವಾಗ. ಅದಕ್ಕಾಗಿ ತಮ್ಮನ್ನು ದೂರುವುದಿಲ್ಲ. ನನ್ನ ಅಂಗಡಿಯ ಬೋರ್ಡೂ ಮರಾಠಿಯಲ್ಲೇ ಇದೆ.

ಈ ಪತ್ರ ಕನ್ನಡದಲ್ಲಿರುವ ಕಾರಣ ಈಗ ಹೇಳುತ್ತೇನೆ. ಪತ್ರಿಕೆಯ ಒಂದು ಪ್ರತಿಯನ್ನು ತಮ್ಮ ಕಚೇರಿಗೆ ಕಳಿಸಿದ್ದೇನೆ. ‘ಭಾಷಾಂತರಕ್ಕೆ ಕಳಿಸಲಾಗಿದೆ’ ಎಂಬ ಉತ್ತರ ಬಂದರೆ ನಾನು ತಪ್ಪು ತಿಳಿದೆನೆಂದು ಒಪ್ಪಿ ಇದೇ ಪತ್ರಿಕೆಯಲ್ಲಿ ಕ್ಷಮೆ ಕೇಳುತ್ತೇನೆ. ಭಾಷಾಂತರವಿಲ್ಲದೆ ಸಿಟ್ಟು ಬಂದರೆ, ಆ ಸಿಟ್ಟು ಯಾವ ಭಾಷೆಯಲ್ಲಿ ಓದಿಕೊಂಡದ್ದು ಎಂಬುದು ತಮಗೂ ನನಗೂ ಗೊತ್ತಿರುತ್ತದೆ.

ಇನ್ನು ಬೇಡಿಕೆ. ಕಾರ್ಟೂನನ್ನು ಮತ್ತೆ ಶುರುಮಾಡಿಸಿ ಎಂದು ಕೇಳುವುದಿಲ್ಲ. ಋತುಜಾ ಈಗ ಪುಣೆಯ ಒಂದು ಸಾಬೂನಿನ ಜಾಹೀರಾತಿಗೆ ಕೋಳಿ ಕುಣಿಸುತ್ತಿದ್ದಾಳೆ, ಅದಕ್ಕೆ ಯಾರ ಆಕ್ಷೇಪವೂ ಇಲ್ಲ. ಟಾಕಿ ಯಾರದೆಂದೂ ಕೇಳುವುದಿಲ್ಲ. ಅದು ಬೇರೆ ಪತ್ರದ ವಿಷಯ, ಅದನ್ನು ಬರೆಯುತ್ತೇನೆ. ನಾನು ಕೇಳುವುದು ಮಾವಶಿಯ ಒಳ್ಳೆಯ ಹೆಸರನ್ನು ಮಾತ್ರ. ಕವಲಾಪುರದ ಮದುವೆಗೆ ಮೊದಲು, ಯಾವುದಾದರೂ ಒಂದು ಭಾನುವಾರ ಸಂಜೆ, ಅದೇ ವಾಹಿನಿಯಲ್ಲಿ ಆ ಒಡಪು ಬೀಪ್ ಇಲ್ಲದೆ ಒಮ್ಮೆ ಬರಬೇಕು. ಅದರ ಹಿಂದೆಯೇ ತಾವು ಬರಬೇಕು. ಸಹಾಯಕರಲ್ಲ, ಲಿಖಿತ ಪ್ರಕಟಣೆಯಲ್ಲ. ತಾವೇ, ತಮ್ಮ ಬಾಯಿಂದ. ಮುಖ ಬೇಡವಾದರೆ ಋತುಜಾ ಚಿತ್ರ ಬರೆದುಕೊಡುತ್ತಾಳೆ, ದನಿ ಸಾಕು. ತಾವು ಹೇಳಬೇಕಾದದ್ದು ಎರಡು ವಾಕ್ಯ, ಆಯಿಗೆ ನೀರು ಕುಡಿಯಲು ಹೇಳಿದ ಅದೇ ಕನ್ನಡದಲ್ಲಿ:

“ಆ ಆಯಿ ಅಂದದ್ದು ಗಂಡ ಅಂತ. ನಮ್ಮ ಮನ್ಯಾಗೂ ಹಂಗs ಅಂತಾರ.”

ಎರಡನೆಯ ವಾಕ್ಯ ಕಷ್ಟವೆನಿಸಿದರೆ ಬಿಟ್ಟುಬಿಡಿ. ಬಿಟ್ಟದ್ದು ಈ ಪತ್ರ ಓದದವರಿಗೆ ತಿಳಿಯುವುದಿಲ್ಲ; ಮಾವಶಿಗೆ ಕೇಳಿಸುತ್ತದೆ.

ಇಂತಿ,
ಕೇಳಿಸಿಕೊಂಡದ್ದನ್ನು ಕೇಳಿಸಲಿಲ್ಲವೆಂದು ಹೇಳಲು ಇನ್ನೂ ಕಲಿಯದ,
ಪಾರಿಸ
ಕಿವಿ ತಪಾಸಣೆಯವನು, ಮಿರಜ
ಫಾಲ್ಗುಣ, 2005